ಅವ್ವನ ಮನಿಗೆ ಯಾವ ಒಲಿ?

ಅವ್ವನ ಮನಿ ಒಲಿ ಬದಲ ಮಾಡಿದ ಸುದ್ದಿ ಹೆಂಗೋ ಎಲ್ಲಾರಿಗೂ ಮುಟ್ಟೇದ. ಈ ತಿಂಗಳದಾಗ ನಾಕು ಮಂದಿ ಕೇಳ್ಯಾರ, "ಗ್ಯಾಸ್ ಛೊಲೊನೋ, ಇಂಡಕ್ಷನ್ ಛೊಲೊನೋ, ಇಲ್ಲಾ ಕಡಪಾ ಕೊರದು ಕೂಡಸ್ತಾರಲ್ಲ ಆ ಹಾಬ್ ಛೊಲೊನೋ? ಒಂದ ಮಾತಿನ್ಯಾಗ ಹೇಳಿಬಿಡ್ರಿ" ಅಂತ. ಒಂದ ಮಾತಿನ್ಯಾಗ ಹೇಳಲಿಕ್ಕೆ ಬರೂಹಂಗಿಲ್ಲ. ಒಲಿ ಮುಂದ ನಿಂದ್ರೋರು ಯಾರು, ಅವರು ದಿನಾ ಏನು ಮಾಡ್ತಾರ ಅನ್ನೋದು ಗೊತ್ತಿಲ್ಲದ ಯಾವ ಒಲಿ ಅಂತ ಹೆಂಗ ಹೇಳೋದು? ನಮ್ಮ ಅವ್ವನ ಮನಿ ವಿಚಾರ ಹೇಳ್ತೀನಿ, ನಿಮ್ಮ ನಿಮ್ಮ ಮನಿಗೆ ಎಷ್ಟು ಹೊಂದತದೋ ಅಷ್ಟು ತಗೋರಿ.

ಅವ್ವ ಗದಗಿನ್ಯಾಗ ಒಬ್ಬಾಕಿನ ಇರ್ತಾಳ. ವಯಸ್ಸು 76. ಕೈಕಾಲು ಗಟ್ಟಿ, ಕಿವಿ ನಮಗಿಂತ ಚುರುಕು. ಆದ್ರ ಎರಡು ವರ್ಷದ ಹಿಂದ ಒಂದು ದೊಡ್ಡ ನೆಗಡಿ ಜ್ವರ ಬಂದು ಹೋತು ನೋಡ್ರಿ, ಅವತ್ತಿನಿಂದ ಆಕಿಗೆ ವಾಸನಿನ ಗೊತ್ತಾಗೂದಿಲ್ಲ. ಮಲ್ಲಿಗಿ ಇಲ್ಲ, ಇಂಗಿನ ಒಗ್ಗರಣಿ ಇಲ್ಲ, ತಳಾ ಹತ್ತಿದ ಬ್ಯಾಳಿ ಇಲ್ಲ. "ಉಪ್ಪು ಹುಳಿ ನಾಲಗಿಗೆ ತಿಳೀತದಲ್ಲ, ಸಾಕು ಬಿಡು" ಅಂತಿದ್ಲು. ನಾವೂ ಅಷ್ಟಕ್ಕ ಬಿಟ್ಟಿದ್ವಿ.

ದೀಪಾವಳಿ ಮುಂದ ನಾ ಹೋದಾಗ ಬಾಗಲದಾಗ ಕಾಲಿಡೂದಕ್ಕ ಗ್ಯಾಸ್ ವಾಸನಿ ಗಪ್ ಅಂತ ಬಡೀತು. ಅವ್ವ ಅಡಗಿಮನಿ ಹೊಸ್ತಲದಾಗ ಕಾಲು ಚಾಚಿ ಕೂತು ಶೇಂಗಾ ಆರಸಲಿಕ್ಕೆ ಹತ್ಯಾಳ, ಆರಾಮ. ಹಾಲು ಉಕ್ಕಿ ಉರಿ ಆರಿತ್ತು, ಗುಬ್ಬಿ ಹಂಗ ತಿರುವಿದಲ್ಲೇ ಇತ್ತು. ರೆಗ್ಯುಲೇಟರ್ ಬಂದ್ ಮಾಡಿ, ಹಿತ್ತಲ ಬಾಗಲಾ ಕಿಡಕಿ ಎಲ್ಲಾ ತಗದು, ಲೈಟಿನ ಬಟನ್ನಿಗೆ ಕೈ ಹಚ್ಚದ ಆಕೀನ ಹೊರಗ ಕರಕೊಂಡು ಬಂದೆ. ಅರ್ಧಾ ತಾಸು ಹಿತ್ತಲದಾಗ ಕೂತ್ವಿ. ಆಕಿ "ಏನಾಗೇದ ಈಗ?" ಅಂತ ನಾಕು ಸಲ ಕೇಳಿದ್ಲು. ಆಕಿಗೆ ಖರೇನ ಏನೂ ಗೊತ್ತಾಗಿದ್ದಿಲ್ಲ.

ಎಲ್‌ಪಿಜಿಗೆ ತಂದ ಆದ ವಾಸನಿ ಇಲ್ಲ. ಸೋರಿದ್ರ ಮನಿಯವರಿಗೆ ತಿಳೀಲಿ ಅಂತ ಮರ್‌ಕ್ಯಾಪ್ಟನ್ ಅನ್ನೋ ನಾರೋ ರಾಸಾಯನಿಕ ಬೇಕಂತಲೇ ಕೂಡಸಿರ್ತಾರ. ಅಂದ್ರ ಮನಿಯೊಳಗಿನ ಮೊದಲನೇ ಕಾವಲು ಅಂದ್ರ ನಮ್ಮ ಮೂಗು. ಅವ್ವನ ಮನಿಯೊಳಗ ಆ ಕಾವಲನ ಇಲ್ಲ. ಇನ್ನೊಂದು, ಈ ಗ್ಯಾಸ್ ಗಾಳಿಗಿಂತ ಭಾರ. ಮ್ಯಾಲೆ ಏರಿ ಕಿಡಕಿಯಿಂದ ಹೋಗೂದಿಲ್ಲ, ನೆಲಕ್ಕ ಇಳದು ಹರಡತದ. ನೆಲದ ಮ್ಯಾಲೆ ಕೂತಾಕಿ ಇನ್ನೂ ಹತ್ರ.

ಪುಣೆದಾಗಿರೋ ತಮ್ಮಗ ಹೇಳಿದ ಕೂಡಲೇ ಅವನ ನಿರ್ಣಯ ಆಗಿಹೋತು. "ಗ್ಯಾಸ್ ತಗದ ಬಿಡೋಣು. ಎರಡು ಇಂಡಕ್ಷನ್ ಇಡೋಣು." ಮೂರನೇ ದಿನಾ ಒಂದು ಡಬ್ಬಿ ಬಂದೂ ಬಿಡ್ತು. ಅವ್ವ ಅದನ್ನ ಮುಟ್ಟಿ ನೋಡಿದ್ಲು, ಗಾಜು ಒರಸಿದ್ಲು, ಮ್ಯಾಲೆ ಕ್ರೋಷಾದ ಹಾಸು ಹೊಚ್ಚಿದ್ಲು. "ಇದರ ಮ್ಯಾಲೆ ಒಂದು ಜ್ವಾಳದ ರೊಟ್ಟಿ ಮಾಡಿ ತೋರಸ್ರಿ. ಆಮ್ಯಾಲೆ ಗ್ಯಾಸ್ ಒಯ್ಯಿರಿ."

ನಾನು ಎಂಟು ದಿನಾ ಅಲ್ಲೇ ನಿಂತೆ. ರೊಟ್ಟಿ ಮಾಡಿ ನೋಡೇ ಬಿಡೋಣು ಅಂತ.

ಮೊದಲನೇ ತಕರಾರು ಹಂಚಿಂದು. ಅವ್ವನ ಕಬ್ಬಿಣದ ಹಂಚು ಆಕಿ ಅತ್ತಿ ಕಾಲದ್ದು, ತಳಾ ನಡುವ ಸ್ವಲ್ಪ ಕುಣಿ ಬಿದ್ದಂಗ ಉಬ್ಬೇದ. ಒಲಿ ಮ್ಯಾಲೆ, ಗ್ಯಾಸಿನ ಮ್ಯಾಲೆ ಅದಕ್ಕೇನೂ ಅಡ್ಡಿಲ್ಲ, ಉರಿ ತಾನ ಬಳಸಿಕೊಂಡು ಹೋಗತದ. ಇಂಡಕ್ಷನ್ ಗಾಜಿನ ಮ್ಯಾಲೆ ಇಟ್ರ ಗಿರಗಿಟ್ಲಿ ಹಂಗ ತಿರಗತದ. ನಡುವ ಒಂದು ತಾಟಿನಷ್ಟು ಜಾಗಾ ಮಾತ್ರ ಕೆಂಡ, ಅಂಚು ತಣ್ಣಗ. ಯಾಕಂದ್ರ ಒಳಗ ಸುತ್ತಿದ ತಂತಿ ಎಷ್ಟು ಅಗಲ ಇರ್ತದೋ ಅಷ್ಟ ಜಾಗಾ ಪಾತ್ರಿ ಕಾಯತದ. ಸಣ್ಣ ಮಷೀನಿನೊಳಗ ಅದು ಒಂದು ಗೇಣು ಮಾತ್ರ. ಅವ್ವನ ರೊಟ್ಟಿ ಗೇಣಿನ ಮ್ಯಾಲೆ ನಾಕು ಬೆರಳು ಇರ್ತದ.

ಸಪಾಟ ತಳದ ಹೊಸಾ ಹಂಚು ತಂದೆ. ಅದು ಕೂತ್ಕೊಂಡ್ತು. ರೊಟ್ಟಿ ಬಡದು ಹಾಕಿ, ನೀರು ಸವರಿ, ತಿರುವಿ ಹಾಕೋತನಕ ಎಲ್ಲಾ ಬರೋಬ್ಬರಿ. ಆದ್ರ ಕಡೀಕ ರೊಟ್ಟಿ ಉಬ್ಬಬೇಕಲ್ಲ? ಗ್ಯಾಸಿನ ಮ್ಯಾಲೆ ಹಂಚು ಸರಿಸಿ ಉರಿಗೆ ತೋರಿಸಿದ್ರ ಎರಡು ಪದರಾಗಿ ಚೆಂಡಿನಂಗ ಏಳತದ. ಇಲ್ಲಿ ಉರಿನ ಇಲ್ಲ. ಅರಿವಿಯಿಂದ ಒತ್ತಿ ಒತ್ತಿ ಅಲ್ಲಲ್ಲಿ ಉಬ್ಬಿಸಿದೆ, ಅಂಚು ಮಾತ್ರ ಹಸೀನ ಉಳೀತು. ರೊಟ್ಟಿ ಅಗಲ ಕಡಿಮಿ ಮಾಡಿದ್ರ ತಿನ್ನಲಿಕ್ಕೆ ಅಡ್ಡಿಯಿಲ್ಲದಂಗ ಆಗತದ, ಸುಳ್ಳು ಹೇಳೂದಿಲ್ಲ. ಅವ್ವ ಒಂದು ತುತ್ತು ತಿಂದು, "ಪುಣೇದಾಗ ಸಿಗ್ತಾವಲ್ಲ, ಅಂಗಡಿವು, ಹಂಗ ಆಗ್ಯಾವ" ಅಂದ್ಲು. ಇದಕ್ಕಿಂತ ದೊಡ್ಡ ಬೈಗಳ ಆಕಿ ಬಾಯಾಗ ನಾ ಕೇಳಿಲ್ಲ.

ಉಳದದ್ದೂ ಅದವಲ್ಲ. ಬದನಿಕಾಯಿ ಸುಟ್ಟು ಬಜ್ಜಿ ಮಾಡೋದು, ಹಪ್ಪಳ ಸುಡೋದು ಎರಡಕ್ಕೂ ಉರಿ ಬೇಕ ಬೇಕು. ಒಗ್ಗರಣಿ ಸೌಟು ಇಂಡಕ್ಷನ್ ಮ್ಯಾಲೆ ಇಟ್ರ ಅದು ಪಾತ್ರಿನ ಇಲ್ಲಂತ ಕುಂಯ್ ಕುಂಯ್ ಅನ್ನತದ. ತಳಾ ತೀರಾ ಸಣ್ಣದಿದ್ರ ಅದಕ್ಕ ಗುರ್ತು ಸಿಗೂದಿಲ್ಲ. ಇನ್ನ ಪಾತ್ರಿ ಪರೀಕ್ಷಾ ಭಾಳ ಸರಳ: ಫ್ರಿಜ್ಜಿಗೆ ಅಂಟಸೋ ಅಯಸ್ಕಾಂತ ತಗೊಂಡು ತಳಕ್ಕ ಹಿಡೀರಿ. ಗಟ್ಟಿ ಹಿಡೀತೋ, ನಡೀತದ. ಬಿತ್ತೋ, ಇಲ್ಲ. ಅವ್ವನ ಮಾಡದ ಮ್ಯಾಲಿನ ಹಿತ್ತಾಳಿ, ತಾಮ್ರ, ಅಲ್ಯುಮಿನಿಯಂ ಬೋಗಾಣಿ, ಹಳೇ ಕುಕ್ಕರ್ ಎಲ್ಲಾ ನಪಾಸು. ಅರ್ಧಾ ಸ್ಟೀಲಿನವೂ ನಪಾಸು.

ಹಂಗಂತ ಇಂಡಕ್ಷನ್ ಬರೇ ತಿಪ್ಪಿಗೆ ಹಾಕೋ ಸಾಮಾನಲ್ಲ. ಹಾಲು ಕಾಯಸೋದು, ಚಹಾ, ಅನ್ನ, ಬ್ಯಾಳಿ, ಸ್ನಾನಕ್ಕ ಅಲ್ಲದಿದ್ರೂ ಕುಡೀಲಿಕ್ಕೆ ಬಿಸಿನೀರು, ಇವಕ್ಕೆಲ್ಲಾ ಗ್ಯಾಸಿಗಿಂತ ಲಗೂ. ಟೈಮರ್ ಹಚ್ಚಿಟ್ರ ತಾನ ಬಂದ್ ಆಗತದ. ಹಾಲು ಉಕ್ಕಿದ್ರೂ ಆರೋ ಉರಿ ಇಲ್ಲ, ಸೋರೋ ಗ್ಯಾಸಿಲ್ಲ. ದೀಪಾವಳಿ ಮುಂದ ಆದದ್ದು ಹಾಲಿನಿಂದನ ಅಲ್ಲೇನು?

ಇನ್‌ಫ್ರಾರೆಡ್ ಅಂತ ಇನ್ನೊಂದು ಬಂದದ, ನೋಡ್ಲಿಕ್ಕೆ ಇಂಡಕ್ಷನ್ ಹಂಗನ. ಅದಕ್ಕ ಯಾವ ಪಾತ್ರಿನೂ ನಡೀತದ, ಹಿತ್ತಾಳಿನೂ. ಆದ್ರ ಗಾಜು ಕೆಂಪಗ ಕಾದು, ಬಂದ್ ಮಾಡಿದಮ್ಯಾಲೂ ಭಾಳ ಹೊತ್ತು ಸುಡತಿರ್ತದ. ಅಡಗಿ ಆದ ಕೂಡಲೇ ಕಟ್ಟಿ ಒರಸೋ ಚಟ ಇರೋ ಅವ್ವನಂಥವರ ಮನಿಗೆ ಅದು ಬ್ಯಾಡ ಅಂತ ನನ್ನ ಅಭಿಪ್ರಾಯ.

ಹಾಬ್ ವಿಚಾರ. ಹೊಸಾ ಮನಿ ಕಟ್ಟೋರಿಗೆ ಛಂದನ. ಆದ್ರ ಒಮ್ಮೆ ಕಡಪಾ ಕೊರದ್ರ ಅದ ಅಳತಿಗೆ ಕಟ್ಟಿಬಿದ್ದಂಗ. ನಾಳೆ ಬದಲ ಮಾಡಬೇಕಂದ್ರ ಅದ ತೂತಿಗೆ ಹೊಂದೋದು ಹುಡಕಬೇಕು. ಬಾಡಿಗಿ ಮನಿಯವರು ಅದರ ಗೋಜಿಗೆ ಹೋಗಬ್ಯಾಡ್ರಿ. ಗಾಜಿನ ಮ್ಯಾಲಿನ ಒಲಿ ತಗೊಳ್ಳೋರೂ ಒಂದು ನೆನಪಿಡ್ರಿ, ದೊಡ್ಡ ಹಂಚು ಇಟ್ಟು ತಾಸುಗಟ್ಲೆ ರೊಟ್ಟಿ ಬಡದ್ರ ಉರಿ ಕಾವು ಹಂಚಿನ ತಳಕ್ಕ ಬಡದು ಗಾಜಿನ ಮ್ಯಾಲೆ ಇಳೀತದ. ಟಫನ್ಡ್ ಗಾಜು ಅಂತಾರ ಖರೆ, ಅದೂ ಕಾವಿಗೆ ಒಡೀತದ. ದಿನಾ ಇಪ್ಪತ್ತು ರೊಟ್ಟಿ ಆಗೋ ಮನಿಗೆ ಸಾದಾ ಸ್ಟೀಲ್ ಒಲಿನ ಪಾಡು.

ಇಷ್ಟೆಲ್ಲಾ ತಿರುಗಾಡಿ ಕಡೀಕ ನಾವು ಏನು ತಗೊಂಡ್ವಿ ಅಂದ್ರ, ಎರಡು ಬರ್ನರಿನ ಸ್ಟೀಲ್ ಗ್ಯಾಸ್ ಒಲಿ, ಆದ್ರ ಉರಿ ಆರಿದ್ರ ಗ್ಯಾಸ್ ತಾನ ಬಂದ್ ಆಗೋವಂಥಾದ್ದು. ಅಂಗಡಿಯೊಳಗ ಎಫ್‌ಎಫ್‌ಡಿ ಅಂತ ಕೇಳ್ರಿ, ಫ್ಲೇಮ್ ಫೇಲ್ಯೂರ್ ಡಿವೈಸ್. ಎಲ್ಲಾ ಒಲಿಯೊಳಗ ಇರೂದಿಲ್ಲ. ಹುಬ್ಬಳ್ಳಿಯೊಳಗ ಮೂರು ಅಂಗಡಿ ತಿರುಗಿದಮ್ಯಾಲೆ ಸಿಕ್ತು. ಒಂದು ಅಂಗಡಿಯವ ಆಟೋ ಇಗ್ನಿಶನ್ನನ್ನ ಇದು ಅಂತ ತೋರಸಲಿಕ್ಕೆ ಹತ್ತಿದ್ದ! ಆಟೋ ಇಗ್ನಿಶನ್ ಅಂದ್ರ ಲೈಟರ್ ಇಲ್ಲದ ಹೊತ್ತೋದು ಅಷ್ಟ, ಆರಿದ್ರ ಅದಕ್ಕ ಖಬರಿಲ್ಲ. ಎಫ್‌ಎಫ್‌ಡಿ ಇದ್ರ ಬರ್ನರಿನ ಬಾಜೂಕ ಸಣ್ಣ ಕಡ್ಡಿಯಂಥಾದ್ದು ನಿಂತಿರ್ತದ. ಅದು ಕಾವಿನ್ಯಾಗ ಇದ್ದಷ್ಟು ಹೊತ್ತು ಗ್ಯಾಸ್ ಬಿಡತದ, ತಣ್ಣಗಾದ್ರ ಒಳಗ ಟಕ್ ಅಂತ ಮುಚ್ಚತದ. ಆದ್ದರಿಂದ ಹೊತ್ತಸೋವಾಗ ಗುಬ್ಬಿ ಒತ್ತಿ ಹಿಡೀಬೇಕಾಗತದ, ಆ ಕಡ್ಡಿ ಕಾಯೋತನಕ. ಅವ್ವನ ಹೆಬ್ಬೆರಳಿಗೆ ಸಂಧಿನೋವು, ಮೊದಲನೇ ಎರಡು ದಿನಾ ಬೈಕೋತ ಹೊತ್ತಿಸಿದ್ಲು. ಈಗ "ಒಂದು, ಎರಡು, ಮೂರು" ಅಂತ ಐದರತನಕ ಎಣಸಿ ಬಿಡತಾಳ. ಮನಿಗೆ ತಂದ ಮ್ಯಾಲೆ ಕಿಡಕಿ ತಗದಿಟ್ಟು, ಉರಿ ಹಚ್ಚಿ, ಕಾಯಲಿಕ್ಕೆ ಬಿಟ್ಟು, ಊದಿ ಆರಸಿ ನೋಡಿದ್ವಿ. ಒಂದು ನಿಮಿಷದೊಳಗ ಟಕ್ ಅಂತು. ಆ ಕಡ್ಡಿಗೆ ಸಾರು ಉಕ್ಕಿ ಕರಿ ಹಿಡೀದಂಗ ನೋಡಕೋಬೇಕು, ಅದೊಂದು ಕೆಲಸ.

ಖರೆ, ಇದು ಪೈಪ್ ಸೋರಿದ್ರ ಕಾಯೂದಿಲ್ಲ. ಅದಕ್ಕ ಕಿತ್ತಳಿ ಬಣ್ಣದ ಸುರಕ್ಷಾ ಪೈಪ್ ಹೊಸಾದು ಹಾಕಸಿದ್ವಿ. ಅದಕ್ಕ ಐದು ವರ್ಷದ ಆಯುಷ್ಯ. ತಾರೀಖು ಕ್ಯಾಲೆಂಡರಿನ್ಯಾಗ ಅಲ್ಲ, ಗ್ವಾಡಿಗೇ ಬರದಿಟ್ಟೀನಿ.

ತಮ್ಮನ ಇಂಡಕ್ಷನ್ನೂ ಉಳೀತು. ಹಳೇ ಮನಿ ವೈರಿಂಗ್ ನೋಡ್ರಿ, 2000 ವಾಟಿನ ಮಷೀನು ಹತ್ರಹತ್ರ 9 ಆಂಪಿಯರ್ ಎಳೀತದ, ಮಿಕ್ಸರ್ ಹಚ್ಚೋ 6 ಆಂಪಿಯರ್ ಸಾಕೆಟ್ಟಿಗೆ ಹಚ್ಚಬಾರದು. ಬ್ಯಾರೆ ವೈರ್ ಎಳಸಿ 16 ಆಂಪಿಯರಿಂದು ಹಾಕಸಿದ್ವಿ.

ಖರ್ಚು ಯಾವುದಕ್ಕ ಹೆಚ್ಚು ಅಂತ ಕೇಳ್ತೀರಿ. ನನ್ನ ಲೆಕ್ಕ ಹಿಂಗದ. 14.2 ಕಿಲೋ ಸಿಲಿಂಡರಿನೊಳಗ ಸುಮಾರು 180 ಯುನಿಟ್ ಕರೆಂಟಿನಷ್ಟು ಕಾವು ಇರ್ತದ. ಗ್ಯಾಸ್ ಒಲಿಯೊಳಗ ನೂರಕ್ಕ 68 ಪಾಲಾದ್ರೂ ಪಾತ್ರಿಗೆ ಹತ್ತಬೇಕಂತ ಐಎಸ್‌ಐ ನಿಯಮ, ಉಳದದ್ದು ನಮ್ಮ ಮಾರಿಗೆ. ಇಂಡಕ್ಷನ್ನಿನೊಳಗ 85ರ ಆಸುಪಾಸು. ಅಂದ್ರ ಒಂದು ಸಿಲಿಂಡರಿನ ಅಡಗಿಗೆ 145 ಯುನಿಟ್ ಹಿಡೀರಿ. ನಿಮ್ಮ ಬಿಲ್ಲಿನ ದರದಿಂದ ಗುಣಿಸಿ ಸಿಲಿಂಡರಿನ ಬೆಲಿ ಜೋಡಿ ಹೋಲಿಸಿ ನೋಡ್ರಿ. ಗೃಹಜ್ಯೋತಿ ಅದಲ್ಲ, ಫುಕಟ್ ಅದ ಅಂತ ಇಡೀ ಅಡಗಿ ಇಂಡಕ್ಷನ್ ಮ್ಯಾಲೆ ಏರಸಬ್ಯಾಡ್ರಿ. ಹಿಂದಿನ ಸರಾಸರಿ ಮ್ಯಾಲೆ ಸ್ವಲ್ಪ ಮಾತ್ರ ಬಿಟ್ಟಾರ, ಅದಕ್ಕ ಹೆಚ್ಚಾದದ್ದಕ್ಕ ರೊಕ್ಕಾ. 200 ಯುನಿಟ್ ದಾಟಿದ್ರ ಪೂರ್ತಿ ಬಿಲ್ಲು. ಅವ್ವಗ ಒಂದು ಸಿಲಿಂಡರ್ ಮೂರು ತಿಂಗಳ ಬರತದ, ಅರ್ಧಾ ಅಡಗಿ ಕರೆಂಟಿಗೆ ಹೋದ್ರ ತಿಂಗಳಿಗೆ 25 ಯುನಿಟ್ ಒಳಗ.

ತಮ್ಮ ಇನ್ನೂ ಪೂರ್ತಿ ಒಪ್ಪಿಲ್ಲ. ಅವನ ಹೆದರಿಕಿ ಸುಳ್ಳಲ್ಲ, ನಾನೂ ರಾತ್ರಿ ಎದ್ದು ಕೂತೀನಿ. ಆದ್ರ ಅವಗ ತಿಳೀದ ಒಂದು ಮಾತು ಅವ್ವ ನನ್ನ ಮುಂದ ಆಡಿದ್ಲು, ಹಂಚು ತೊಳಕೋತ. "ಇವತ್ತ ಗ್ಯಾಸ್ ಒಯ್ತೀರಿ. ನಾಳೆ ರೊಟ್ಟಿ ಬರೂದಿಲ್ಲ ಅಂತ ಡಬ್ಬಿ ಹಚ್ತೀರಿ. ನಾಡ್ದು ಒಬ್ಬಾಕಿ ಯಾಕ ಅಂತ ನನ್ನ ಒಯ್ತೀರಿ." ಆಕಿ ಒಲಿ ಬಗ್ಗೆ ಮಾತಾಡ್ಲಿಕ್ಕೆ ಹತ್ತಿದ್ದಿಲ್ಲ. ಇದನ್ನ ಫೋನಿನ್ಯಾಗ ಹೇಳಿದಾಗ ತಮ್ಮ ಬಾಳ ಹೊತ್ತು ಸುಮ್ಮನಿದ್ದ. ಆಮ್ಯಾಲೆ, "ರೆಗ್ಯುಲೇಟರ್ ಆದ್ರೂ ರಾತ್ರಿ ಬಂದ್ ಮಾಡು ಅನ್ನು" ಅಂದ.

ಈಗ ಹಿಂಗ ನಡದದ. ಹಾಲು, ಚಹಾ, ಅನ್ನ, ಬ್ಯಾಳಿ ಇಂಡಕ್ಷನ್ ಮ್ಯಾಲೆ. ಕುಕ್ಕರ್ ಹೊಸಾದು ತರಬೇಕಾತು. ಮುಂಜಾನೆ ಒಂಬತ್ತಕ್ಕ ಮಗ್ಗಲ ಮನಿ ಸೊಸಿ ಎದುರಿಗೆ ಕೂತಿರ್ತಾಳ, ಆಕಿಗೆ ರೊಟ್ಟಿ ಬಡಿಯೂದು ಕಲೀಬೇಕಾಗೇದ. ಆವಾಗ ಗ್ಯಾಸ್ ಹೊತ್ತತದ. ರೊಟ್ಟಿ, ಪಲ್ಯ, ಒಗ್ಗರಣಿ ಎಲ್ಲಾ ಅದ ಹೊತ್ತಿನ್ಯಾಗ ಮುಗೀತದ. ಆಮ್ಯಾಲೆ ರೆಗ್ಯುಲೇಟರ್ ಬಂದ್. ಸಂಜೀಕ ತಮ್ಮ ಫೋನ್ ಮಾಡಿ ಕೇಳ್ತಾನ, ಅವ್ವ "ಬಂದ್ ಅದ, ಬಂದ್ ಅದ, ನೀ ಊಟ ಮಾಡು" ಅಂತಾಳ.

ಇನ್ನ ಒಂದು ಉಳದದ, ಗ್ಯಾಸ್ ಸೋರಿದ್ರ ಒದರೋ ಅಲಾರಂ. ಅದನ್ನ ಗ್ವಾಡಿ ಮ್ಯಾಲೆ ಎತ್ತರಕ್ಕ ಹಚ್ಚಿದ್ರ ಉಪಯೋಗಿಲ್ಲ, ನೆಲದ ಹತ್ರ, ಗೇಣಷ್ಟು ಮ್ಯಾಲೆ ಹಚ್ಚಬೇಕು. ಬರೂ ವಾರ ನಾ ಹೋಗಿ ಹಚ್ಚಸೂದದ. ಅವ್ವ ಹಿತ್ತಲದಾಗ ತುಳಸಿಗೆ ನೀರು ಹಾಕೋವಾಗ ಅದರ ಸಪ್ಪಳ ಅಲ್ಲಿತನಕ ಕೇಳಸ್ತದೋ ಇಲ್ಲೋ, ಆಕೀನ ಅಲ್ಲಿ ನಿಂದರಿಸಿ ನೋಡ್ತೀನಿ.