ಗಣೆಯ ನಾದ, ಫ್ಯಾನಿನ ಸದ್ದು

ಬರಗೂರು ಎಂದರೆ ಸಾಹಿತ್ಯದ ಗೆಳೆಯರಿಗೆ ಮೊದಲು ನೆನಪಾಗುವುದು ಬರಗೂರು ರಾಮಚಂದ್ರಪ್ಪ. ಶಿರಾ ಸೀಮೆಯ ನಮ್ಮಂಥವರಿಗೆ ಜೊತೆಗೇ ನೆನಪಾಗುವುದು ಜುಂಜಪ್ಪನ ಹಾಡು. ಕಾಡುಗೊಲ್ಲರ ಈ ವೀರನ ಕತೆ ಹಾಡುವಾಗ ಗಣೆ ಎಂಬ ಬಿದಿರಿನ ವಾದ್ಯ ಊದುತ್ತಾರೆ. ನಮ್ಮ ಸೋದರಮಾವ ಟೇಪ್‌ರೆಕಾರ್ಡರಿನಲ್ಲಿ ಹಿಡಿದಿಟ್ಟ ಅಂಥ ಹಾಡಿನ ಕ್ಯಾಸೆಟ್ಟುಗಳು ಬೂಷ್ಟು ಹಿಡಿದು ಹೋದವು. ಅದಕ್ಕೂ ಮೊದಲೇ ಸಿಡಿಗೆ ಇಳಿಸಿದ್ದ ಒಂದು ಪ್ರತಿ ಮಾತ್ರ ಊರ ಮನೆಯ ಹಳೇ ಡೆಸ್ಕ್‌ಟಾಪಿನಲ್ಲಿ ಉಳಿದಿದೆ. ಮಾವನೂ ಈಗಿಲ್ಲ.

ಆ ಮುದ್ರಣದಲ್ಲಿ ಗಣೆಯ ದನಿ ಬಲು ತೆಳು. ಹಾಡು ಶುರುವಾಗಿ ಸ್ವಲ್ಪ ಹೊತ್ತಿಗೆಲ್ಲ ಪ್ರೊಸೆಸರ್ ಬಿಸಿಯಾಗಿ ಫ್ಯಾನು ಭರ್ರೆನ್ನುತ್ತಿತ್ತು. ಗಣೆ ಅದರಲ್ಲಿ ಮುಳುಗಿಹೋಗುತ್ತಿತ್ತು. 'ಹೊಸದು ತಗೊಳ್ಳೋ' ಎಂದರು ಎಲ್ಲರೂ. ಹೊಸದು ಕೊಳ್ಳುವ ಮುನ್ನ ಯಾವ ಕೆಲಸ ಎಷ್ಟು ದುಡಿಸಿಕೊಳ್ಳುತ್ತಿದೆ ಎಂಬ ಪಟ್ಟಿ ತೆರೆದು ನೋಡಿದೆ. ಹಾಡು ನುಡಿಸುವ ತಂತ್ರಾಂಶಕ್ಕಿಂತ ಅದರ ಹಿಂದೆ ನಿಂತ ಪೈಪ್‌ವೈರ್ ಹೆಚ್ಚು ದುಡಿಯುತ್ತಿತ್ತು. ಲಿನಕ್ಸಿನಲ್ಲಿ ಎಲ್ಲ ಸದ್ದನ್ನೂ ಒಟ್ಟುಗೂಡಿಸಿ ಸ್ಪೀಕರಿಗೆ ಕಳಿಸುವ ಮಧ್ಯವರ್ತಿ ಅದು.

ಅದರ ಕಷ್ಟ ಇದು. ಸಿಡಿಯಲ್ಲಿ ಸೆಕೆಂಡಿಗೆ 44,100 ಧ್ವನಿ ಮಾದರಿಗಳಿರುತ್ತವೆ. ವಿಡಿಯೋ ಲೋಕದ ರೂಢಿ 48,000. ಪೈಪ್‌ವೈರ್ ತಾನಾಗಿ ನಡೆಯುವುದು ಎರಡನೆಯ ಲೆಕ್ಕದಲ್ಲಿ. ಎರಡರ ಅನುಪಾತ 147ಕ್ಕೆ 160. ಸರಳವಾಗಿ ಹೊಂದುವ ಲೆಕ್ಕವಲ್ಲ. ಹಾಗಾಗಿ ಪ್ರತಿ ಸೆಕೆಂಡಿಗೆ, ಎಡಕ್ಕೊಮ್ಮೆ ಬಲಕ್ಕೊಮ್ಮೆ, 48,000 ಹೊಸ ಮಾದರಿಗಳನ್ನು ಅಕ್ಕಪಕ್ಕದ ಹಲವು ಮಾದರಿಗಳಿಂದ ಗುಣಿಸಿ ಕೂಡಿಸಿ ಹುಟ್ಟಿಸಬೇಕು. ಇದೇ ರೀಸ್ಯಾಂಪ್ಲಿಂಗ್. ಅದರ ಗುಣಮಟ್ಟಕ್ಕೆ 0ಯಿಂದ 14ರವರೆಗೆ ಮೆಟ್ಟಿಲುಗಳಿವೆ. ಮೊದಲಿಗೆ ಇರುವುದು 4. ಮೆಟ್ಟಿಲು ಏರಿದಷ್ಟೂ ನೋಡಬೇಕಾದ ನೆರೆಹೊರೆ ದೊಡ್ಡದು, ಲೆಕ್ಕವೂ ದೊಡ್ಡದು. ಯಂತ್ರ ಸಿದ್ಧಮಾಡಿಕೊಟ್ಟ ಗೆಳೆಯ, ಹಾಡು ಚೆನ್ನಾಗಿ ಕೇಳಲೆಂಬ ಪ್ರೀತಿಯಿಂದ, ಅದನ್ನು 14ಕ್ಕೆ ಏರಿಸಿದ್ದ.

ಮೊದಲು 4ಕ್ಕೆ ಇಳಿಸಿದೆ. ಹೊರೆ ತಗ್ಗಿತು, ನನ್ನ ಕಿವಿಗೆ ವ್ಯತ್ಯಾಸವೇನೂ ಗೊತ್ತಾಗಲಿಲ್ಲ. ಆದರೆ ಗುಣಮಟ್ಟ ಎಷ್ಟಿರಬೇಕು ಎನ್ನುವುದಕ್ಕಿಂತ ಈ ಲೆಕ್ಕವೇ ಯಾಕೆ ಬೇಕು ಎಂದು ಕೇಳುವುದು ಮೇಲೆನಿಸಿತು. ನಮ್ಮ ಸೌಂಡ್‌ಕಾರ್ಡಿಗೆ 44,100ರಲ್ಲೇ ನುಡಿಯಲು ಬರುತ್ತಿತ್ತು. ಪೈಪ್‌ವೈರಿನ ಸಂರಚನಾ ಕಡತದಲ್ಲಿ, ಅನುಮತಿಸಿದ ದರಗಳ ಸಾಲಿಗೆ 48,000ದ ಪಕ್ಕ 44,100 ಸೇರಿಸಿ ಮತ್ತೆ ಚಾಲೂ ಮಾಡಿದೆ. ಬೇರೆ ಯಾವ ಸದ್ದೂ ನಡೆಯದಿರುವಾಗ ಹಾಡು ಹಚ್ಚಿದರೆ ಕಾರ್ಡೇ ಹಾಡಿನ ದರಕ್ಕೆ ಬರುತ್ತದೆ. ಪರಿವರ್ತನೆಯೇ ಇಲ್ಲ. ಫ್ಯಾನು ತಣ್ಣಗಾಯಿತು.

ಊರಿನ ಒಬ್ಬ ಹುಡುಗ ಜುಂಜಪ್ಪನ ಬಗ್ಗೆ ವಿಡಿಯೋ ಮಾಡಬೇಕೆಂದು ಈ ಹಾಡು ಕೇಳಿದ. ಅವನಿಗೆ 48,000 ಬೇಕಿತ್ತು. ಮೂಲ ಕಡತ ಮುಟ್ಟದೆ, ಅತಿ ಮೇಲಿನ ಗುಣಮಟ್ಟದಲ್ಲೇ ಒಂದು ಪ್ರತಿ ಬೇರೆ ಮಾಡಿಕೊಟ್ಟೆ. ಯಂತ್ರ ಎಷ್ಟು ಹೊತ್ತು ತಗೊಂಡರೂ ಸರಿ, ಆ ದುಡಿಮೆ ಒಂದೇ ಸಲದ್ದು. ಒಳ್ಳೆಯ ಅನುವಾದಕ್ಕೂ ಹಾಗೆ ಕೂತು ಮಾಡುವ ಪುರುಸೊತ್ತು ಬೇಕು. ಆದರೆ ಮನೆಯವರೇ ಕೂತು ಕೇಳುವಾಗ ನಡುವೆ ದುಭಾಷಿ ಯಾಕೆ?

ಈಗ ಆ ಮುದ್ರಣದಲ್ಲಿ ಮೊದಲು ಕೇಳದ ಒಂದು ಸದ್ದು ಕೇಳುತ್ತಿದೆ. ಗಣೆ ನಿಂತಾಗ ಟೇಪ್‌ರೆಕಾರ್ಡರಿನ ಹತ್ತಿರ ಯಾರೋ ಮೆಲ್ಲಗೆ ಕೆಮ್ಮುತ್ತಾರೆ. ಮಾವನೇ, ಎನ್ನುತ್ತಾಳೆ ಅಮ್ಮ.