ಔಷಧಿ ಹೊಡೆಯೋ ದಿನ ಕೈಕೊಟ್ಟ ಎಂಜಿನ್

ಎಂಟು ದಿನ ಬಿಡದೆ ಸುರಿದ ಮಳೆ ಮೊನ್ನೆ ಗುರುವಾರ ಬೆಳಿಗ್ಗೆ ಹೊಳವಾಯ್ತು. ಅಡಿಕೆಗೆ ಮೊದಲ ಔಷಧಿ ಹೊಡೆದು ಆಗಲೇ 48 ದಿನ. ಕೆಳಗಿನ ತೋಟದಲ್ಲಿ ಮೂರ್ನಾಲ್ಕು ಮರದ ಬುಡಕ್ಕೆ ಕೊಳೆ ಅಡಿಕೆ ಬೀಳೋಕೆ ಶುರುವಾಗಿತ್ತು. ಕೊನೆಗೌಡ ಸಿಕ್ಕಿದ್ದು ಅದೊಂದೇ ದಿನ, ಮಾರನೇ ದಿನ ಬೇರೆಯವರಿಗೆ ಮಾತು ಕೊಟ್ಟಿದ್ದ. ಏಳೂವರೆಗೆಲ್ಲ 200 ಲೀಟರ್ ಡ್ರಮ್ಮಿಗೆ 2 ಕೆಜಿ ಮೈಲುತುತ್ತ, 2 ಕೆಜಿ ಸುಣ್ಣ ಕೂಡಿಸಿ ಇಟ್ಟಾಯ್ತು. ಕೂಡಿಸಿದ ಮೇಲೆ ಅವತ್ತೇ ಮುಗಿಸ್ಬೇಕು, ನಿಮಗೆ ಹೇಳೋದೇನು.

ಹಗ್ಗ ಎಳೆದ್ರೆ ಎಂಜಿನ್ ಶುರುವಾಯ್ತು. ಆದ್ರೆ ಒಂದೇ ಸಮ ಓಡ್ತಿಲ್ಲ. ವೂಂ ಅಂತ ಏರೋದು, ಇನ್ನೇನು ನಿಂತೇ ಹೋಯ್ತು ಅನ್ನೋಷ್ಟು ಇಳಿಯೋದು, ಮತ್ತೆ ಏರೋದು. ಪಂಪಿಗೆ ಲೋಡ್ ಬಿದ್ದ ಕೂಡಲೇ ಆಫ್. 14 ವರ್ಷದ ಹಳೇ ಎಂಜಿನ್, ಪ್ರತಿ ವರ್ಷ ಒಂದಲ್ಲ ಒಂದು ತಕರಾರು ಇದ್ದದ್ದೇ. ಆದ್ರೆ ಅವತ್ತೇ ಆಗ್ಬೇಕಾ!

ಪ್ಲಗ್ ಬಿಚ್ಚಿ ನೋಡಿದೆ. ಕಪ್ಪು ಮಸಿ ಹಿಡಿದಿದ್ರೆ ಪೆಟ್ರೋಲ್ ಜಾಸ್ತಿ ಹೋಗ್ತಿದೆ ಅಂತ ಲೆಕ್ಕ. ಇದು ಬಿಳಿಚಿಕೊಂಡಿತ್ತು. ಚೋಕ್ ಅರ್ಧ ಹಾಕಿ ನೋಡಿದ್ರೆ ಎಂಜಿನ್ ಸುಮ್ಮನೆ ಒಂದೇ ಸಮ ಓಡ್ತು. ಚೋಕ್ ಹಾಕಿದ್ರೆ ಗಾಳಿ ಕಡಿಮೆಯಾಗುತ್ತೆ, ಆಗ ಸರಿ ಓಡಿತು ಅಂದ್ರೆ ಪೆಟ್ರೋಲ್ ಸಾಲ್ತಿಲ್ಲ ಅಂತಲೇ ಅರ್ಥ. ಕಾರ್ಬೊರೇಟರಿನ ಕೆಳಗಿನ ಬಟ್ಟಲು ಬಿಚ್ಚಿ ಗಾಜಿನ ಲೋಟಕ್ಕೆ ಸುರಿದೆ. ತಳದಲ್ಲಿ ಮಣಿಮಣಿ ನೀರು! ಈಗ ಬರೋ ಪೆಟ್ರೋಲಿಗೆ 20 ಭಾಗದವರೆಗೂ ಎಥನಾಲ್ ಸೇರಿರುತ್ತೆ, ಅದು ನೀರು ಹೀರುತ್ತೆ. ಮೊದಲ ಔಷಧಿ ಆದ ಮೇಲೆ ಟ್ಯಾಂಕ್ ಖಾಲಿ ಮಾಡದೆ ಮಳೆಗಾಲದ ಕೊಟ್ಟಿಗೆಯಲ್ಲಿ ಇಟ್ಟಿದ್ದು ನಾನೇ. ಜೆಟ್ಟಿನ ತೂತು ಮುಚ್ಚಿಹೋಗಿತ್ತು. ವೈರಿನ ಒಂದೆಳೆ ತಾಮ್ರ ತೂರಿಸಿ ಬಿಡಿಸಿದೆ. ಸೂಜಿ ಹಾಕ್ಬೇಡಿ, ತೂತು ದೊಡ್ಡದಾದ್ರೆ ಮುಗೀತು.

ಹಳೇ ಪೆಟ್ರೋಲ್ ಚೆಲ್ಲಿ ಹೊಸದು ಹಾಕಿದ ಮೇಲೆ ಚೆನ್ನಾಗಿ ಓಡ್ತು. ಕೊನೆಗೌಡ ಮರ ಹತ್ತಿದ. ಹದಿನೈದು ನಿಮಿಷಕ್ಕೆ ಮತ್ತೆ ಬಂದ್. ಐದು ನಿಮಿಷ ಬಿಟ್ಟು ಎಳೆದ್ರೆ ಶುರು, ಸ್ವಲ್ಪ ಹೊತ್ತಿಗೆ ಮತ್ತೆ ಬಂದ್. ಅವನು ಮರದ ಮೇಲೆ, ನಾನು ಕೆಳಗೆ ಬೆವರು ಒರೆಸ್ತಾ. ಪೇಟೆಯ ಮೆಕ್ಯಾನಿಕ್‌ಗೆ ಫೋನ್ ಮಾಡಿದ್ರೆ, ನೋಡದೇನೇ 'ಕಾರ್ಬೊರೇಟರ್ ಬದಲಾಯಿಸ್ಬೇಕು, ನಾಳೆ ತನ್ನಿ' ಅಂದ. ನಾಳೆ!

ಪೆಟ್ರೋಲ್ ಎಷ್ಟಿದೆ ನೋಡೋಣ ಅಂತ ಟ್ಯಾಂಕಿನ ಮುಚ್ಚಳ ತಿರುಗಿಸಿದೆ. 'ಉಸ್' ಅಂತ ಗಾಳಿ ಒಳಗೆ ಹೋಯ್ತು. ಆಗ ತಲೆಗೆ ಹೊಳೀತು. ಮುಚ್ಚಳದಲ್ಲಿ ಗಾಳಿ ಹೋಗೋಕೆ ಸಣ್ಣ ತೂತು ಇರುತ್ತಲ್ಲ, ಅದು ಮುಚ್ಚಿದ್ರೆ ಪೆಟ್ರೋಲ್ ಕೆಳಗೆ ಇಳಿಯೋಲ್ಲ. ಎಂಜಿನ್ ಯಾವಾಗ್ಲೂ ಡ್ರಮ್ಮಿನ ಪಕ್ಕವೇ ಇಡೋದು. ಬೋರ್ಡೋ ಸಿಡಿದು ಸಿಡಿದು, ನೀಲಿ ಸುಣ್ಣ ಒಣಗಿ ತೂತಿನ ಮೇಲೆ ಕಲ್ಲಾಗಿತ್ತು. ಪಿನ್ನಿನಿಂದ ಕೆರೆದು ತೆಗೆದೆ. ಆಮೇಲೆ ಸಂಜೆವರೆಗೂ ಒಂದು ಸಲವೂ ನಿಲ್ಲಲಿಲ್ಲ. ಈಗ ಮುಚ್ಚಳದ ಮೇಲೆ ತೆಂಗಿನ ಗರಟೆ ಬೋರಲು ಹಾಕ್ತೀನಿ.

ಬೆಳಿಗ್ಗೆ ಮೂರು ಗಂಟೆ ಹೊತ್ತು ಹಾಳಾಗಿದ್ದು ಮಾತ್ರ ವಾಪಸ್ ಬರಲಿಲ್ಲ. ಹಳ್ಳದ ಬದಿಯ ಕೊನೇ ಸಾಲು ಮುಗಿಸೋದಕ್ಕೂ ಹನಿ ಬೀಳೋದಕ್ಕೂ ಸರಿಯಾಯ್ತು. ಅಲ್ಲಿ 40 ಮರ. ಔಷಧಿ ಅಂಟಿತೋ, ತೊಳೆದು ಹೋಯ್ತೋ, ದಿನಾ ಹೋಗಿ ಬುಡ ನೋಡ್ತಾ ಇದೀನಿ.