ತಕರಾರು ಇದ್ದವರು ತಿಳಿಸಬೇಕು

ಯಾರ ಅಪ್ಪಣೆಯನ್ನೂ ಕೇಳದೆ ಮದುವೆಯಾದ ಮನುಷ್ಯನನ್ನು ನಮ್ಮ ಸೀಮೆಯಲ್ಲಿ ನಾನು ಕಂಡಿಲ್ಲ. ಮೊದಲು ಮನೆದೇವರ ಅಪ್ಪಣೆ. ಆಮೇಲೆ ಹಿರಿಯರದು, ಸೋದರಮಾವನದು, ಪಂಚಾಂಗದ್ದು. ಇವೆಲ್ಲ ಮುಗಿದ ಮೇಲೆ ಎರಡೂ ಕಡೆಯವರು ಜಮಖಾನದ ಮೇಲೆ ಕುಳಿತು ಯಾದಿ ಬರೆಯುತ್ತಾರೆ. ಕೊಡುವುದೆಷ್ಟು, ಬಂಗಾರವೆಷ್ಟು, ಯಾರಿಗೆ ಎಂಥ ಆಯೇರಿ ಎಂಬುದೆಲ್ಲ ಆ ಯಾದಿಯಲ್ಲಿರುತ್ತದೆ. ಮದುಮಕ್ಕಳ ಅಭಿಪ್ರಾಯಕ್ಕೆ ಮಾತ್ರ ಅದರಲ್ಲಿ ಒಂದು ಸಾಲೂ ಇರುವುದಿಲ್ಲ. ಇಷ್ಟೆಲ್ಲ ಅಪ್ಪಣೆಗಳಾಚೆಗೆ ಸರಕಾರದ ಅಪ್ಪಣೆಯೂ ಒಂದುಂಟು ಎಂಬುದು ನನಗೆ ತಿಳಿದದ್ದು 1981ರಲ್ಲಿ, ನನ್ನ ಮದುವೆಗೆ ನಾನೇ ಅರ್ಜಿ ಹಾಕಿದಾಗ.

ಈ ಮಾತು ಈಗ ನೆನಪಾಗಲು ಕಾರಣ ನನ್ನ ಮಗಳು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅವಳು ಮೊನ್ನೆ ರಜೆಗೆ ಬಂದವಳು, ಊಟ ಬಡಿಸುತ್ತ ಬಡಿಸುತ್ತ ಹೇಳಿದಳು: “ಅಪ್ಪಾ, ಮುಂದಿನ ತಿಂಗಳ ನಾವು ನೋಟೀಸ ಕೊಡಾಕತ್ತೀವಿ. ಮದುವಿ ದಿನ ಮೂರು ಮಂದಿ ಸಾಕ್ಷಿ ಬೇಕಂತ. ನೀ ಬರ್ತೀಯಲ್ಲಾ?”

ನಾನು ಉತ್ತರ ಕೊಡುವ ಮೊದಲೇ ಮನಸ್ಸು ನಾಲ್ವತ್ತು ವರ್ಷ ಹಿಂದಕ್ಕೆ ಓಡಿತು.

ನಮ್ಮ ಊರು ಚಡಚಣ. ಆಗ ಅದು ಇಂಡಿ ತಾಲ್ಲೂಕಿನ ಒಂದು ಪೇಟೆಯೂರು. ಈಗ ತಾನೇ ಒಂದು ತಾಲ್ಲೂಕು. ಜಾನಪದದ ಸಿಂಪಿ ಲಿಂಗಣ್ಣನವರ ಊರು ಇದು. ಮಧುರಚೆನ್ನರ ಹಲಸಂಗಿ ಇಲ್ಲಿಂದ ದೂರವಲ್ಲ. ಹಲಸಂಗಿಯ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಕೇಳಿ ಬರೆದುಕೊಂಡ ‘ಗರತಿಯ ಹಾಡು’ 1931ರಲ್ಲಿ ಅಚ್ಚಾಯಿತು. ಮದುವೆಯ ವಿಷಯದಲ್ಲಿ ನಮ್ಮ ಅವ್ವಂದಿರಿಗೆ ಇದ್ದ ತಕರಾರುಗಳನ್ನು ಅವರು ಬೀಸುವ ಕಲ್ಲಿನ ಮುಂದೆ ಕುಳಿತು ಹೇಳಿಕೊಂಡರು. ಬೇರೆ ಕಡೆ ಹೇಳಿಕೊಳ್ಳಲು ಅವರಿಗೆ ಕಚೇರಿಯಾದರೂ ಎಲ್ಲಿತ್ತು?

ಊರಿನ ಇನ್ನೊಂದು ಹೆಸರು ಜವಳಿಯದು. ಮದುವೆಯ ಬಸ್ತಾ ಕಟ್ಟಿಸಲು ಭೀಮೆಯ ಆಚೆಯಿಂದಲೂ ಜನ ಬರುತ್ತಾರೆ. ಅಂಥ ಒಂದು ಅಂಗಡಿಯಲ್ಲಿ ನನ್ನ ಅಪ್ಪ ಗುಮಾಸ್ತನಾಗಿದ್ದ. ಮೂವತ್ತು ವರ್ಷ ಮಂದಿಯ ಮದುವೆಗೆ ಅರಿವೆ ಅಳೆದ ಕೈ ಅದು. ಒಂದು ಮಧ್ಯಾಹ್ನ ನಾನು ಅಪ್ಪನಿಗೆ ಊಟದ ಡಬ್ಬಿ ಒಯ್ದಾಗ, ಬಂಧುಗಳ ಬಸ್ತಾ ತೆಗೆಯಲೆಂದು ಮಂಗಳವೇಢೆಯಿಂದ ಬಂದ ಒಬ್ಬ ತರುಣಿ ಅಲ್ಲಿ ಕುಳಿತಿದ್ದಳು. ನನ್ನ ಹಾಗೆಯೇ ಅವಳೂ ಶಾಲಾ ಶಿಕ್ಷಕಿ. ಅಪ್ಪ ತೋರಿಸಿದ ಹತ್ತು ಸೀರೆಗಳಲ್ಲಿ ಅವಳು ಹೆಸರಿಟ್ಟದ್ದು ಒಂಬತ್ತಕ್ಕೆ. ನಾನು ನಕ್ಕೆ. ಮುಂದಿನ ಎರಡು ವರ್ಷಗಳ ಕಾಗದಗಳ ಕಥೆ ಇಲ್ಲಿ ಬೇಡ.

ಅವರ ಜಾತಿ ಬೇರೆ, ನಮ್ಮದು ಬೇರೆ. ಯಾವುದು ಯಾವುದೆಂದು ಬರೆಯಲಾರೆ. ಬರೆದರೆ ಓದುಗರಲ್ಲಿ ಕೆಲವರು ತಕ್ಕಡಿ ಹಿಡಿದು ಕೂಡುತ್ತಾರೆ. ಅಪ್ಪನಂತೂ ತನ್ನ ತಂಗಿಯ ಮಗಳನ್ನು ನನಗೆ ತರಬೇಕೆಂದು ಅವಳ ತೊಟ್ಟಿಲ ದಿನವೇ ನಿಶ್ಚಯಿಸಿದ್ದ. ವಿಷಯ ತಿಳಿದ ದಿನದಿಂದ ಆತ ನನ್ನೊಡನೆ ಮಾತು ಬಿಟ್ಟ.

ವಕೀಲಿ ಮಾಡುತ್ತಿದ್ದ ಗೆಳೆಯನೊಬ್ಬ ದಾರಿ ತೋರಿಸಿದ. 1955ರ ಹಿಂದೂ ವಿವಾಹ ಕಾಯಿದೆಗೆ ಜಾತಿ ಅಡ್ಡಿಯಲ್ಲ, ಆದರೆ ಅದಕ್ಕೆ ರೂಢಿಯ ವಿಧಿ ನಡೆಯಬೇಕು. ನಮಗೆ ಅಕ್ಷತೆ ಹಾಕುವವರೇ ಇರಲಿಲ್ಲ. ಉಳಿದದ್ದು 1954ರ ವಿಶೇಷ ವಿವಾಹ ಕಾಯಿದೆ. ಇದರ ಹಿರಿಯಣ್ಣ 1872ರಲ್ಲಿ ಹುಟ್ಟಿತ್ತು. ಆಗ ಅದರಡಿ ಮದುವೆಯಾಗುವವರು ತಾವು ಹಿಂದೂಗಳಲ್ಲ, ಮುಸಲ್ಮಾನರಲ್ಲ, ಕ್ರೈಸ್ತರಲ್ಲ ಎಂದು ಬರೆದುಕೊಡಬೇಕಾಗಿತ್ತು. ಹೆಂಡತಿ ಬೇಕಾದರೆ ದೇವರನ್ನು ಬಿಡಬೇಕು. 1923ರಲ್ಲಿ ಹಿಂದೂ, ಜೈನ, ಬೌದ್ಧ, ಸಿಖ್ಖರಿಗೆ ಆ ಬಿಗಿ ಸಡಿಲಾಯಿತು. 1955ರ ಜನವರಿ 1ರಿಂದ ಜಾರಿಗೆ ಬಂದ ಹೊಸ ಕಾಯಿದೆ ದೇವರ ಗೊಡವೆಗೇ ಹೋಗಲಿಲ್ಲ.

ಆದರೆ ಅದು ಮೂವತ್ತು ದಿನದ ಗಡುವು ಇಟ್ಟಿತು. ಇಬ್ಬರಲ್ಲೊಬ್ಬರು ಕನಿಷ್ಠ ಮೂವತ್ತು ದಿನ ವಾಸವಾಗಿರುವ ಜಿಲ್ಲೆಯ ವಿವಾಹಾಧಿಕಾರಿಗೆ ನೋಟೀಸು ಕೊಡಬೇಕು. ಅವರು ಅದನ್ನು ಯಾರು ಬೇಕಾದರೂ ಪುಕ್ಕಟೆ ನೋಡಬಹುದಾದ ಒಂದು ಪುಸ್ತಕದಲ್ಲಿ ಬರೆದು, ಪ್ರತಿಯನ್ನು ಕಚೇರಿಯ ಎದ್ದುಕಾಣುವ ಜಾಗದಲ್ಲಿ ಹಚ್ಚುತ್ತಾರೆ. ಹುಡುಗಿಯ ಕಾಯಂ ವಾಸ ಬೇರೆ ಜಿಲ್ಲೆಯಲ್ಲಿದ್ದರೆ ಅಲ್ಲಿಯ ಕಚೇರಿಗೂ ಒಂದು ಪ್ರತಿ ಹೋಗುತ್ತದೆ. ತಕರಾರು ಇದ್ದವರು ಮೂವತ್ತು ದಿನದೊಳಗೆ ತಿಳಿಸಬೇಕು. ಹೀಗೆ ನಮ್ಮ ಹೆಸರು ಭೀಮೆಯ ಎರಡೂ ದಂಡೆಯ ಬೋರ್ಡುಗಳಿಗೆ ಏರಿತು.

ಆ ದಿನಗಳಲ್ಲಿ ನನಗೆ ಹರಳಯ್ಯ, ಮಧುವರಸರ ನೆನಪು ಮೇಲೆಮೇಲೆ ಬರುತ್ತಿತ್ತು. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣ ಮಂಗಳವೇಢೆಯಲ್ಲಿ ಕರಣಿಕನಾಗಿದ್ದನೆಂದು ಪ್ರತೀತಿ. ಮುಂದೆ ಕಲ್ಯಾಣದಲ್ಲಿ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಆದ ಮದುವೆಗೆ ತಕರಾರು ನೇರ ಬಿಜ್ಜಳನ ಬಳಿಗೇ ಹೋಯಿತಂತೆ. ಬೀಗರಿಬ್ಬರಿಗೂ ಎಳೆಹೂಟೆಯ ಶಿಕ್ಷೆಯಾಯಿತಂತೆ. ಎಂಟುನೂರು ವರ್ಷದ ಮೇಲೆ ನನ್ನ ಪಾಲಿಗೆ ಇದ್ದದ್ದು ಒಂದು ಬೋರ್ಡು, ಒಬ್ಬ ಕಾರಕೂನ. ಇಷ್ಟು ಸುಧಾರಣೆಯಾದರೂ ಆಯಿತಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಒಂಬತ್ತನೆಯ ದಿನ ಯಾರೋ ಗಿರಾಕಿಗಳು ಅಂಗಡಿಯಲ್ಲಿ ಅಪ್ಪನಿಗೆ ಹೇಳಿದರು: “ಏನ್ರಿ, ನಿಮ್ಮ ಮಗನ ಹೆಸರು ಬೋರ್ಡಿನ್ಯಾಗ ಐತಲ್ಲ!” ಅಪ್ಪ ಗಜಕಡ್ಡಿ ಕೆಳಗಿಟ್ಟು, ರುಮಾಲು ಸುತ್ತಿಕೊಂಡು ಬಸ್ಸು ಹತ್ತಿದ. ಅಲ್ಲಿ ನಡೆದದ್ದನ್ನು ಕಾರಕೂನರು ಆಮೇಲೆ ನನಗೆ ಹೇಳಿದರು.

“ಸಾಹೇಬ್ರ, ನಂದು ತಕರಾರ ಐತ್ರಿ.”

“ಏನ್ ತಕರಾರ ಯಜಮಾನ್ರ? ಹುಡುಗಗ ಇಪ್ಪತ್ತೊಂದು ತುಂಬಿಲ್ಲೇನು?”

“ಇಪ್ಪತ್ತೇಳು ತುಂಬ್ಯಾವ್ರಿ.”

“ಮೊದಲ ಒಂದು ಲಗ್ನ ಆಗೇತೇನು?”

“ಛೇ ಛೇ! ನಮ್ಮ ಹುಡುಗ ಅಂಥಾಂವ ಅಲ್ರಿ.”

“ತಲಿ ಸರಿ ಐತಿಲ್ಲೊ?”

“ಸಾಲಿ ಮಾಸ್ತರ ಅದಾನ್ರಿ!”

“ಹಂಗಾರ ಹುಡುಗಿ ರಕ್ತಸಂಬಂಧದಾಗ ಏನರ ಆಗಬೇಕೇನು?”

“ಸಂಬಂಧದಾಗಿನ ಹುಡುಗಿ ಆಗಿದ್ದರ ನಾ ಇಲ್ಲಿಗೆ ಯಾಕ ಬರ್ತಿದ್ದೆ? ನನ್ನ ತಂಗಿ ಮಗಳನ್ನ ಬಿಟ್ಟು ಹೊಂಟಾನ, ಅದ ನನ್ನ ತಕರಾರ.”

ಕಾರಕೂನರು ಕಾಯಿದೆಯ ಪುಸ್ತಕ ತೆಗೆದರು. ಒಬ್ಬ ಗಂಡಸು ಮದುವೆಯಾಗಬಾರದ ಸಂಬಂಧಗಳು ಅದರಲ್ಲಿ ಮೂವತ್ತೇಳು. ತಾಯಿಯಿಂದ ಆರಂಭವಾಗಿ ಸೋದರಮಾವನ ಮಗಳವರೆಗೆ. “ಸೋದರತ್ತಿ ಮಗಳೂ ಈ ಯಾದಿಯೊಳಗ ಅದಾಳ್ರಿ ಯಜಮಾನ್ರ. ಆಕೀನ್ನ ಮಾಡಕೊಳ್ತೀನಿ ಅಂತ ಅರ್ಜಿ ಕೊಟ್ಟಿದ್ದರ ನಾವ ತಕರಾರ ತಗೀತಿದ್ದಿವಿ,” ಎಂದರು. (ರೂಢಿಯುಳ್ಳವರಿಗಾಗಿ 1963ರಲ್ಲಿ ಒಂದು ಸಡಿಲಿಕೆಯನ್ನು ಸೇರಿಸಿದ್ದಾರೆ, ಅದನ್ನು ಅವರು ಹೇಳಲಿಲ್ಲ.)

ಅಪ್ಪ ಬಹಳ ಹೊತ್ತು ಸುಮ್ಮನಿದ್ದು ಕೇಳಿದನಂತೆ: “ಮತ್ತ ಜಾತಿ?”

“ಜಾತಿ ಈ ಯಾದಿಯೊಳಗ ಇಲ್ರಿ.”

ಯಾದಿಯೆಂದರೇನೆಂದು ಅಪ್ಪನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಯಾದಿಯಲ್ಲಿ ಇಲ್ಲದ್ದನ್ನು ಕೇಳಬಾರದೆಂಬುದು ಆತನ ಜೀವಮಾನದ ವ್ಯಾಪಾರಧರ್ಮ. ಆದರೂ ಮೂವತ್ತೇಳನ್ನೂ ಒಂದೊಂದಾಗಿ ಓದಿಸಿ ಕೇಳಿ, ಎದ್ದು ಬಂದ. ಬೋರ್ಡಿನ ಮುಂದೆ ಒಂದಿಷ್ಟು ಹೊತ್ತು ನಿಂತಿದ್ದನಂತೆ.

ಮದುವೆಯ ದಿನ ಅಪ್ಪ ಬರಲಿಲ್ಲ. ಮೂರನೆಯ ಸಾಕ್ಷಿಯಾಗಿ ಬಂದವರು ಅದೇ ಅಂಗಡಿಯ ಇನ್ನೊಬ್ಬ ಗುಮಾಸ್ತರು. ಅವರ ಬಗಲಲ್ಲಿ ಒಂದು ಗಂಟಿತ್ತು: ಒಂದು ಇಳಕಲ್ ಸೀರೆ, ಒಂದು ಖಣ, ಒಂದು ಧೋತರ. ಬಿಲ್ಲು ಅಪ್ಪನ ಕೈಬರಹದ್ದು, ಅಪ್ಪನ ಪಗಾರದ ಖಾತೆಯದು. ಯಾರಿಗೆ, ಯಾತಕ್ಕೆ ಎಂದು ಅದರಲ್ಲಿ ಬರೆದಿರಲಿಲ್ಲ. ಅಪ್ಪ ಒಪ್ಪಿದನೆಂದು ನಾನು ಇಂದಿಗೂ ಹೇಳಲಾರೆ; ತಕರಾರು ಬರೆದುಕೊಡಲಿಲ್ಲ, ಇಷ್ಟು ನಿಜ. ಆಮೇಲೆ ಮೊಮ್ಮಗಳನ್ನು ತೊಡೆಯ ಮೇಲೆ ಕೂಡಿಸಿಕೊಂಡಾಗಲೂ ಆ ಮಾತು ಎತ್ತಲಿಲ್ಲ.

ಈ ಕಥೆಯನ್ನು ನಾನು ನೆಂಟರಿಷ್ಟರ ಮುಂದೆ ಎಷ್ಟೋ ಸಲ ನಗಿಸುತ್ತ ಹೇಳಿದ್ದೇನೆ. ಒಮ್ಮೆಯೂ ನನ್ನ ಹೆಂಡತಿ ನಕ್ಕದ್ದಿಲ್ಲ. ಮೊನ್ನೆ ಕಾರಣ ಕೇಳಿದೆ.

“ಆ ಮೂವತ್ತು ದಿನ ನಿಮಗ ನಿಮ್ಮ ಅಪ್ಪನ ಅಂಜಿಕಿ ಇತ್ತು. ನನಗ ಜೀವದ ಅಂಜಿಕಿ ಇತ್ತು. ಬೋರ್ಡಿನ್ಯಾಗ ಬರೇ ಹೆಸರಿರಲಿಲ್ಲ, ಮನಿ ವಿಳಾಸನೂ ಇತ್ತು. ನಮ್ಮ ಕಾಕಾ ಅದನ್ನ ಓದಿಕೊಂಡ ಬಂದಿದ್ದ,” ಎಂದಳು. ಆ ತಿಂಗಳು ಅವಳು ಜೊತೆಯ ಶಿಕ್ಷಕಿಯರ ಮೂರು ಮನೆಗಳಲ್ಲಿ ಬಚ್ಚಿಟ್ಟುಕೊಂಡಿದ್ದಳೆಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕಥೆ ಹೇಳುವಾಗ ಬಿಟ್ಟುಬಿಡುತ್ತಿದ್ದೆ. ನನ್ನ ಅಪ್ಪ ಬೋರ್ಡು ಓದಿ ಮರಳಿದ. ಎಲ್ಲ ಮನೆಯವರೂ ಹಾಗೆ ಮರಳುವುದಿಲ್ಲ. ಒಬ್ಬರ ಕೋಪ ಇಳಿಯಲು ಸಿಕ್ಕುವ ಮೂವತ್ತು ದಿನವೇ ಇನ್ನೊಬ್ಬರಿಗೆ ಕತ್ತಿ ಮಸೆಯಲೂ ಸಿಕ್ಕುತ್ತದೆ. 2021ರಲ್ಲಿ ಅಲಹಾಬಾದ್ ಹೈಕೋರ್ಟು, ಮದುವೆಯಾಗುವವರು ಕೇಳಿಕೊಂಡರಷ್ಟೇ ನೋಟೀಸನ್ನು ಪ್ರಕಟಿಸಬೇಕೆಂದು ಹೇಳಿತು. ಅದು ಅಲ್ಲಿಯ ಮಾತಾಯಿತು. ಕಾಯಿದೆಯ ಪುಸ್ತಕದಲ್ಲಿ ಮೂವತ್ತು ದಿನ ಇನ್ನೂ ಹಾಗೆಯೇ ಇದೆ.

ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಮಗಳು ಆ ಹುಡುಗನ ಹೆಸರು ಹೇಳಿದಾಗ, ಆತನ ವಿದ್ಯೆ, ಸ್ವಭಾವ ಕೇಳುವುದಕ್ಕಿಂತ ಮೊದಲು ನನ್ನ ನಾಲಿಗೆಯ ತುದಿಗೆ ಬಂದ ಪ್ರಶ್ನೆ, “ಅವರು ಯಾವ ಮಂದಿ?” ಎಂಬುದೇ. ನಾಲ್ವತ್ತು ವರ್ಷದ ಹಿಂದೆ ಬೋರ್ಡಿಗೆ ಏರಿದ ಮನುಷ್ಯ ನಾನು! ಹೆಂಡತಿ ನನ್ನ ಮುಖ ನೋಡಿದಳು. ಪ್ರಶ್ನೆಯನ್ನು ನುಂಗಿ ನೀರು ಕುಡಿದೆ. ಯಾದಿಯಲ್ಲಿ ಇಲ್ಲದ ತಕರಾರು ಕಚೇರಿಯನ್ನು ಬಿಟ್ಟರೂ ಮನುಷ್ಯನನ್ನು ಅಷ್ಟು ಸುಲಭಕ್ಕೆ ಬಿಡುವುದಿಲ್ಲ ಎಂದು ಆಗ ಗೊತ್ತಾಯಿತು. ಅಪ್ಪನ ಮೇಲೆ ಉಳಿದಿದ್ದ ಸಿಟ್ಟೂ ಅಂದು ಅರ್ಧ ಇಳಿಯಿತು.

“ಬರ್ತೀನವ್ವಾ, ಸಹಿ ಮಾಡ್ತೀನಿ,” ಎಂದೆ.

ಅವಳ ತಾಯಿ ಮಾತ್ರ ಸಹಿಯ ಮಾತು ಎತ್ತಲಿಲ್ಲ. ತಾಟು ತೆಗೆಯುತ್ತ, “ನೋಟೀಸ ಹಚ್ಚೂ ದಿನ ನನಗ ಮುಂಚಿತ ತಿಳಿಸು. ಆ ಮೂವತ್ತು ದಿನ ನಿನ್ನ ಹಂತ್ಯಾಕ ಬಂದು ಇರ್ತೀನಿ. ಬಾಗಿಲಾ ನಾ ತಗೀತೀನಿ,” ಎಂದಳು.